ಕವಿಯ ತಲೆಗೆ ಅತ್ತೆಯ ಟೋಪಿ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ತುರಿಕೆ. ಅದು ಆರ್ವೆಡನ ಎಡಗಿವಿಯ ಮೇಲೆ ಶುರುವಾಗಿ, ನೆತ್ತಿಯನ್ನು ಬಳಸಿಕೊಂಡು ಬಲಗಿವಿಗೆ ಇಳಿದು, ಕೊನೆಗೆ ಕತ್ತಿನ ಹಿಂದೆ ಠಿಕಾಣಿ ಹೂಡಿತು. ತಲೆಯ ಮೇಲಿದ್ದದ್ದು ಅತ್ತೆ ಹೆಣೆದುಕೊಟ್ಟ ಉಣ್ಣೆಯ ಟೋಪಿ. ಅತ್ತೆಯ ಮನೆಯ ಕುರಿಗಳು ಸ್ವಭಾವದಲ್ಲಿ ಬಹಳ ಒರಟು. ಅವುಗಳ ಉಣ್ಣೆಯೂ ಹಾಗೆಯೇ.

ಅಕ್ಟೋಬರ್ ತಿಂಗಳು. ಆ ವರ್ಷ ಮೊದಲ ಸಲ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ, ನಮ್ಮ ವಾನಸಿಲ್ಲ ಊರಿನ ಪಾರ್ಕು ಬೆಳಿಗ್ಗೆ ಬೆಳ್ಳಗಾಗಿತ್ತು. ಆರ್ವೆಡ್ ಆ ಪಾರ್ಕಿನ ನೌಕರ. ಉದುರಿದ ಎಲೆ ಗುಡ್ಡೆ ಹಾಕುವುದು, ಬೆಂಚು ಒರೆಸುವುದು, ನಡುವೆ ನಿಂತಿರುವ ಕವಿಯ ಪ್ರತಿಮೆಯಿಂದ ಪಾರಿವಾಳದ ಹಿಕ್ಕೆ ತೊಳೆಯುವುದು, ಇಷ್ಟು ಅವನ ಕೆಲಸ. ಈ ಯಾವ ಕೆಲಸಕ್ಕೂ ಅಷ್ಟು ದಪ್ಪದ ಟೋಪಿ ಬೇಕಿರಲಿಲ್ಲ.

ಹಾಗಾದರೆ ತೆಗೆದು ಎಸೆಯಬಾರದಿತ್ತೇ ಎಂದು ನೀವು ಕೇಳಬಹುದು. ಎಸೆಯುವಂತಿರಲಿಲ್ಲ. ಆ ಟೋಪಿಯಲ್ಲಿ ಅವನ ಜೀವಮಾನದ ಆಸೆಯೇ ಸಿಕ್ಕಿಹಾಕಿಕೊಂಡಿತ್ತು.

ನಮ್ಮ ಎಸ್ತೋನಿಯಾದಲ್ಲಿ ಯಾರ ಮನೆಯ ಜಗಳವನ್ನಾದರೂ ಹೇಗೋ ವಿಚಾರಿಸಿಕೊಳ್ಳಬಹುದು. ಅಣಬೆ ಎಲ್ಲಿ ಸಿಕ್ಕಿತು ಎಂದು ಮಾತ್ರ ಕೇಳುವಂತಿಲ್ಲ. ಕೇಳಿದರೆ ಒಂದೇ ಉತ್ತರ: ‘ಕಾಡಿನಲ್ಲಿ.’ ಅಣ್ಣ ತಮ್ಮನಿಗೆ ಹೇಳುವುದಿಲ್ಲ, ಗಂಡ ಹೆಂಡತಿಗೆ ಹೇಳುವುದಿಲ್ಲ. ಅದರಲ್ಲೂ ಆರ್ವೆಡನ ಅತ್ತೆ ಹೆಲ್ಮಿಯ ಜಾಗವೆಂದರೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಮಿಕ್ಕವರು ದಿನವಿಡೀ ಅಲೆದು ಬುಟ್ಟಿಯ ತಳ ಮುಚ್ಚುವಷ್ಟು ತಂದರೆ, ಆ ಮುದುಕಿ ಕಾಫಿ ಕುಡಿದು ಹೋಗಿ ಊಟದ ಹೊತ್ತಿಗೆ ದಪ್ಪ ಕಾಲಿನ, ಕಂದು ಟೊಪ್ಪಿಗೆಯ ಅಣಬೆಗಳನ್ನು ಬುಟ್ಟಿ ತುಂಬ ಹೊತ್ತು ಬರುತ್ತಿದ್ದಳು. ಹಿಂಬಾಲಿಸಿದವರು ಉಂಟು. ಅವರನ್ನೆಲ್ಲ ಸೌದೆ ಆರಿಸುವ ನಾಟಕವಾಡುತ್ತಾ ಜೌಗಿನ ಕಡೆಗೆ ಕರೆದೊಯ್ದು, ಮೊಣಕಾಲುದ್ದ ಕೆಸರಿನಲ್ಲಿ ಬಿಟ್ಟು ಮಾಯವಾಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅವಳು ಇಬ್ಬರು ಅಳಿಯಂದಿರನ್ನೂ ಎದುರು ಕೂರಿಸಿಕೊಂಡು ಹೇಳಿದ್ದಳು: “ನಂಗೂ ವಯಸ್ಸಾಯ್ತು. ಜಾಗ ನನ್ನ ಜೊತೆಗೇ ಮಣ್ಣಿಗೆ ಹೋಗ್ಬಾರದು. ಹೆಣ್ಣುಮಕ್ಕಳಿಗೆ ಹೇಳೋಣ ಅಂದ್ರೆ ಇಬ್ಬರ ಬಾಯಲ್ಲೂ ಮಾತು ನಿಲ್ಲಲ್ಲ. ನಿಮ್ಮಿಬ್ಬರಿಗೂ ಒಂದೊಂದು ಟೋಪಿ ಹೆಣೆದಿದೀನಿ. ಇಬ್ಬನಿ ಮೊದಲನೇ ಸಲ ಗಟ್ಟಿಯಾದ ದಿನ ನಿಮ್ಮೂರಿಗೆ ಬರ್ತೀನಿ. ಅವತ್ತು ಈ ಟೋಪಿ ಯಾರ ತಲೆ ಮೇಲಿರುತ್ತೋ ಅವರ ಕಿವೀಲಿ ಹೇಳ್ತೀನಿ. ನಾನು ಮಾತಿಗೆ ತಪ್ಪೋಳಲ್ಲ.”

ಷಡ್ಡಕ ರೈವೋ ತನ್ನ ಟೋಪಿಯನ್ನು ಒಂದೇ ವಾರದಲ್ಲಿ ನಾಯಿಮರಿಗಳಿಗೆ ಹಾಸಿಗೆ ಮಾಡಿಕೊಟ್ಟು ಪಂದ್ಯದಿಂದ ಹೊರಬಿದ್ದ. ಇನ್ನು ಉಳಿದವನು ಆರ್ವೆಡ್ ಒಬ್ಬನೇ. ಅವನಿಗೋ ಹುಳಿಕೆನೆಯಲ್ಲಿ ಬೆಂದ ಅಣಬೆಯೆಂದರೆ ಪ್ರಾಣ. ಅದಕ್ಕಿಂತ ಹೆಚ್ಚಾಗಿ, ಯಾರಾದರೂ ತನ್ನನ್ನು ಎಲ್ಲಿ ಸಿಕ್ಕಿತು ಎಂದು ಕೇಳಬೇಕು, ತಾನು ಗಂಭೀರವಾಗಿ ‘ಕಾಡಿನಲ್ಲಿ’ ಎನ್ನಬೇಕು ಎಂದು ಅವನಿಗೆ ಬಹಳ ಆಸೆಯಿತ್ತು. ಹೆಂಡತಿ ಲೆಂಬಿ ಬೆಳಿಗ್ಗೆ ಟೋಪಿಯನ್ನು ಅವನ ತಲೆಗೆ ಒತ್ತಿ ಕಳಿಸಿದ್ದಳು. “ಮಧ್ಯಾಹ್ನದ ಬಸ್ಸಿಗೆ ಅಮ್ಮ ಬರ್ತಾಳೆ. ಇವತ್ತೊಂದಿನ ತೆಗೀಬೇಡಿ, ನಿಮ್ಮ ದಮ್ಮಯ್ಯ.”

ಪಾರ್ಕಿನಲ್ಲಿ ತುರಿಕೆ ತಾಳಲಾರದ ಹೊತ್ತಿಗೆ ಸರಿಯಾಗಿ ಅವನ ಜೇಬಿನಲ್ಲಿ ಫೋನು ನಡುಗಿತು. ಕಿವಿ ಮುಚ್ಚುವ ಆ ಟೋಪಿ ಹಾಕಿಕೊಂಡರೆ ಚರ್ಚಿನ ಗಂಟೆಯೂ ಕೇಳಿಸುವುದಿಲ್ಲ. ತೆಗೆಯಲೇಬೇಕಾಯಿತು. ಆ ಕಡೆ ಮೇಲಧಿಕಾರಿ ಹೆಲ್ದುರ್.

“ಎಲ್ಲಿ ಸತ್ತಿದೀಯೋ? ಸೇತುವೆ ಹತ್ರ ಚರಂಡಿ ಕಟ್ಕೊಂಡು ರಸ್ತೆ ತುಂಬಾ ನೀರು. ಇವತ್ತು ಕವಿ ಹುಟ್ಟುಹಬ್ಬ, ಮೇಯರು ಅದೇ ದಾರೀಲಿ ಬರೋದು. ಓಡು!”

ಆ ತುರಿಕೆಯನ್ನು ಮತ್ತೆ ತಲೆಗೇರಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಟೋಪಿ ಜೇಬಿನಲ್ಲಿ ಹಿಡಿಸಲಿಲ್ಲ. ಕೈಗಾಡಿಯಲ್ಲಿ ಒದ್ದೆ ಎಲೆ, ಬೆಂಚಿನ ಮೇಲೆ ಮಂಜು, ಮರದ ಮೇಲೆ ಕಾಗೆ. ಆರ್ವೆಡ್ ಸುತ್ತ ನೋಡಿದ. ಎದುರಿಗೆ ಕವಿ ಹಿಂದ್ರಿಕ್ ಪಿಹ್ಲಾಕ್ ಬರಿತಲೆಯಲ್ಲಿ ನಿಂತಿದ್ದ. ಎಲೆ ಎಳೆಯುವ ಕುಂಟೆಯ ತುದಿಗೆ ಟೋಪಿ ಸಿಕ್ಕಿಸಿ ಮೇಲೆತ್ತಿ ಕವಿಯ ತಲೆಗೆ ಇಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು. “ಸ್ವಲ್ಪ ಹೊತ್ತು ಇಟ್ಕೊಂಡಿರು ಮಾರಾಯ, ಈಗ್ಲೇ ಬಂದೆ” ಎಂದು ಹೇಳಿ, ಎರಡೂ ಕೈಯಿಂದ ತಲೆ ಕೆರೆದುಕೊಳ್ಳುತ್ತಾ ಸೇತುವೆಯ ಕಡೆ ಓಡಿದ. ಆ ಕ್ಷಣದಲ್ಲಿ ಅವನಷ್ಟು ಸುಖಿ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ಹಿಂದ್ರಿಕ್ ಯಾರೆಂದು ಹೇಳಿಬಿಡುತ್ತೇನೆ. ಧಣಿಗಳೆಲ್ಲ ಜರ್ಮನ್ ಮಾತಾಡುತ್ತಿದ್ದ ಕಾಲ. ನಮ್ಮ ಭಾಷೆ ಹಸು ಕರೆಯುವುದಕ್ಕೆ, ಕುದುರೆ ಬೈಯುವುದಕ್ಕೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಬಾರದು ಎಂದು ಅವರ ತೀರ್ಮಾನ. ಆಗ ಈ ಬಡ ಹುಡುಗ ಅದೇ ಭಾಷೆಯಲ್ಲಿ ಪದ್ಯ ಬರೆದ. ಬೆಂಕಿಯಿಲ್ಲದ ಕೋಣೆಯಲ್ಲಿ ಕೆಮ್ಮಿ ಕೆಮ್ಮಿ ಚಿಕ್ಕ ವಯಸ್ಸಿಗೇ ಸತ್ತ. ಬದುಕಿದ್ದಾಗ ಒಬ್ಬರೂ ಒಂದು ಬಟ್ಟಲು ಬಿಸಿ ಸಾರು ಕೊಡಲಿಲ್ಲ. ಸತ್ತು ಎಷ್ಟೋ ಕಾಲದ ಮೇಲೆ ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದೆವು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇರಲಿ, ಕತೆಗೆ ಬರೋಣ.

ಚರಂಡಿ ಬಿಡಿಸಿ, ಸೊಂಟದವರೆಗೆ ಕೆಸರಾಗಿ ಆರ್ವೆಡ್ ವಾಪಸು ಬಂದಾಗ ಪ್ರತಿಮೆಯ ಸುತ್ತ ಜನ ನಿಂತಿದ್ದರು. ಮುಂದೆ ಎರ್ನಾ ಟೀಚರು. ನಿವೃತ್ತರಾದರೂ ಊರನ್ನೆಲ್ಲ ಇನ್ನೂ ತರಗತಿಯೆಂದೇ ತಿಳಿದವರು, ಕವಿಯ ಹೆಸರಿನ ಸಂಘಕ್ಕೆ ಅಧ್ಯಕ್ಷೆ. ಅವರ ಕಣ್ಣಲ್ಲಿ ನೀರು.

“ನೋಡಿದ್ಯಾ ಆರ್ವೆಡ್! ಯಾರೋ ಪುಣ್ಯಾತ್ಮರು ಇವನಿಗೆ ಟೋಪಿ ತೊಡಿಸಿದಾರೆ. ಚಳೀಲಿ ಸತ್ತ ಹುಡುಗ ಕಣೋ ಇವನು. ಇಷ್ಟು ವರ್ಷ ಹೂವು ತಂದ್ವಿ, ಭಾಷಣ ಮಾಡಿದ್ವಿ. ಬೆಚ್ಚಗಿದೀಯೇನಪ್ಪ ಅಂತ ಒಬ್ಬರಿಗೂ ಕೇಳೋಕೆ ಹೊಳೀಲಿಲ್ಲ.”

“ಯಾರೋ ಮರೆತು ಹೋಗಿರ್ಬೇಕು ಟೀಚರ್” ಎಂದ ಆರ್ವೆಡ್ ಕುಂಟೆ ಎತ್ತಿಕೊಳ್ಳುತ್ತಾ. “ತೆಗೆದು ಜೋಪಾನವಾಗಿ ಇಟ್ಟಿರ್ತೀನಿ.”

“ಅಷ್ಟೆತ್ತರದಲ್ಲಿ ಯಾರು ಮರೆತು ಹೋಗ್ತಾರೋ? ಕೈ ಹಾಕಿದ್ರೆ ಜೋಕೆ! ಶಾಲೇಲಿ ಇವನ ಒಂದು ಪದ್ಯಾನೂ ಪೂರ್ತಿ ಒಪ್ಪಿಸ್ದೋನಲ್ಲ ನೀನು. ಭಾವನೆ ಅಂದ್ರೆ ನಿಂಗೇನು ಗೊತ್ತು?”

‘ಅದು ನನ್ನದು’ ಎಂಬ ಮಾತು ಆರ್ವೆಡನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗುಂಪಿನಲ್ಲಿ ವಿಲ್ಮಾಳ ಮುಖ ಕಂಡಿತು. ವಿಲ್ಮಾ ಅವರ ಪಕ್ಕದ ಮನೆಯವಳು. ಅವಳ ಕಿವಿಗೆ ಬಿದ್ದರೆ ಲೆಂಬಿಯ ಕಿವಿಗೆ ಬಿದ್ದ ಹಾಗೆ, ಲೆಂಬಿಯ ಕಿವಿಗೆ ಬಿದ್ದರೆ ಅತ್ತೆಯ ಕಿವಿಗೆ ಬಿದ್ದ ಹಾಗೆ. ಆರ್ವೆಡ್ ಮಾತನ್ನು ನುಂಗಿಕೊಂಡ.

ವಿಲ್ಮಾ ಕತ್ತು ವಾರೆ ಮಾಡಿ ಟೋಪಿಯನ್ನೇ ನೋಡುತ್ತಿದ್ದಳು. “ಈ ನಕ್ಷತ್ರದ ಹೆಣಿಗೆ ಎಲ್ಲೋ ನೋಡಿದ ಹಾಗಿದೆಯಲ್ಲ?”

“ಟೋಪಿ ಅಂದ್ಮೇಲೆ ಎಲ್ಲಾ ಒಂದೇ ಥರ ಇರುತ್ತೆ ಬಿಡಿ ವಿಲ್ಮಾ.”

ಹೇಳಬಾರದ ಮಾತು ಅದು. ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದರು. ನಮ್ಮಲ್ಲಿ ಒಂದೊಂದು ಸೀಮೆಗೂ ತನ್ನದೇ ಹೆಣಿಗೆ. ಕೈಗವಸು ನೋಡಿ ಹುಡುಗಿಯ ಊರು ಹೇಳುವ ಜನ.

“ಏನಂದೆ? ಒಂದೇ ಥರಾನಾ? ಅಲ್ಲಿ ನೋಡು, ಮಧ್ಯ ನಕ್ಷತ್ರ, ಕೆಳಗೆ ಕುರಿಕೊಂಬಿನ ಸುರುಳಿ, ಅಂಚಿಗೆ ಕೆಂಪು. ಇದು ಪೂರ್ವದ ಹಳ್ಳಿಗಳ ಕಡೇದು” ಎಂದು ಒಬ್ಬಳು ಗದರಿದಳು. “ಅಂಚು ಹಾಗಿದ್ರೆ ಪೂರ್ವದ್ದು ಹೇಗಾಗುತ್ತೆ?” ಎಂದು ಇನ್ನೊಬ್ಬಳು ಜಗಳಕ್ಕೆ ನಿಂತಳು. ಆ ಗದ್ದಲದಲ್ಲಿ ವಿಲ್ಮಾ ಫೋಟೋ ತೆಗೆದು ಊರಿನವರೆಲ್ಲ ಇರುವ ಫೋನಿನ ಗುಂಪಿಗೆ ಕಳಿಸಿಬಿಟ್ಟಳು.

ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ಬೇಕರಿಯವಳು ಶಾಲು ತಂದಳು. ಔಷಧಿ ಅಂಗಡಿಯವಳು ಕೈಗವಸು ತಂದಳು. ಯಾರೋ ಒಬ್ಬರು ಕಾಲುಚೀಲ ತಂದು, ಕಂಚಿನ ಬೂಟಿನ ಮೇಲೆ ಹೇಗೆ ಹಾಕುವುದೆಂದು ತಿಳಿಯದೆ ಪಕ್ಕದಲ್ಲಿ ಇಟ್ಟು ಹೋದರು. ಹೆಲ್ದುರ್ ಓಡೋಡಿ ಬಂದ. ಪ್ರತಿಮೆ ನೋಡಿದ, ಜನರನ್ನು ನೋಡಿದ, ಇದರಲ್ಲಿ ತನಗೊಂದು ಹೊಗಳಿಕೆ ಇದೆ ಎಂದು ಅವನಿಗೆ ವಾಸನೆ ಹತ್ತಿತು.

“ಆರ್ವೆಡ್, ಮೇಯರ್ ಬಂದು ಹೋಗೋ ತನಕ ನೀನು ಇಲ್ಲಿಂದ ಕದಲಬೇಡ. ಆ ಟೋಪಿ ನಿನ್ನ ಜವಾಬ್ದಾರಿ. ಅದಕ್ಕೇನಾದ್ರೂ ಆದ್ರೆ ನಿನ್ನನ್ನೇ ಕೇಳೋದು.”

ತನ್ನ ಟೋಪಿಯನ್ನು ತಾನೇ ಕದಿಯದಂತೆ ತಾನೇ ಕಾಯುವ ಕೆಲಸ ಆರ್ವೆಡನ ಪಾಲಿಗೆ ಬಂತು. ಸಿಟ್ಟಿನಿಂದ ತಲೆ ಬಿಸಿಯಾಗಿತ್ತು, ಗಾಳಿಗೆ ಕಿವಿ ತಣ್ಣಗಾಗಿತ್ತು.

ಜನ ಸ್ವಲ್ಪ ಕರಗಿದಾಗ ಕುಂಟೆಯನ್ನು ಮೆಲ್ಲಗೆ ಮೇಲೆತ್ತಿದ. ಟೋಪಿಯ ಅಂಚಿಗೆ ಅದರ ಹಲ್ಲು ತಾಗುವಷ್ಟರಲ್ಲಿ ಬೆಂಚಿನಿಂದ ವಿಲ್ಮಾಳ ದನಿ: “ಏನ್ಮಾಡ್ತಿದೀರಿ ಆರ್ವೆಡ್?”

“ಎಲೆ... ಭುಜದ ಮೇಲೆ ಒಂದು ಎಲೆ ಇತ್ತು.”

“ಎಲೆ ಇರಲಿ ಬಿಡಿ, ಚೆನ್ನಾಗಿ ಕಾಣುತ್ತೆ. ನಾನು ಇಲ್ಲೇ ಕೂತಿರ್ತೀನಿ, ನಿಮಗೂ ಬೇಜಾರಾಗಲ್ಲ.” ಅವಳು ಚೀಲದಿಂದ ಬ್ರೆಡ್ಡು ಮೀನು ತೆಗೆದು ತಿನ್ನತೊಡಗಿದಳು. ಅವಳ ಮುಖ ನೋಡಿದರೆ ಸಂಜೆಯವರೆಗೆ ಏಳುವ ಲಕ್ಷಣ ಕಾಣಲಿಲ್ಲ.

ಆರ್ವೆಡ್ ಯೋಚಿಸಿದ. ಕಾವಲನ್ನು ವಿಲ್ಮಾಳಿಗೇ ಒಪ್ಪಿಸಿ, ಸಂತೆಯ ಅಂಗಡಿಗೆ ಹೋಗಿ ಯಂತ್ರದಲ್ಲಿ ಹೆಣೆದ ಅಂಥದೇ ಬಣ್ಣದ ಟೋಪಿಯೊಂದನ್ನು ತಂದು ಅಂಗಿಯೊಳಗೆ ಅಡಗಿಸಿಕೊಂಡ. ಹಿಕ್ಕೆ ತೊಳೆಯುವ ನೆಪದಲ್ಲಿ ಏಣಿ, ಬಕೆಟ್ಟು, ಬಟ್ಟೆ ಹಿಡಿದು ಬಂದ. ಮೇಲೆ ಹತ್ತಿ, ತನ್ನ ಬೆನ್ನನ್ನೇ ಮರೆ ಮಾಡಿಕೊಂಡು ಟೋಪಿ ಬದಲಾಯಿಸುವುದು ಅವನ ಉಪಾಯ. ಹತ್ತಿದ. ಕವಿಯ ತಲೆಯ ಮೇಲೆ ಕೈಯಿಟ್ಟ. ಇನ್ನೇನು ಟೋಪಿ ಕಿವಿಯಿಂದ ಬಿಟ್ಟಿತು ಎನ್ನುವಾಗ ಹಿಂದಿನಿಂದ ಹಾಡು ಕೇಳಿಸಿತು.

ಶಾಲೆಯ ಮಕ್ಕಳ ಗಾನವೃಂದ ಬಂದು ನಿಂತಿತ್ತು, ಜೊತೆಗೆ ಮೇಯರು, ಹೂವು, ಪತ್ರಿಕೆಯವನು. ಆರ್ವೆಡ್ ಕೆಳಗಿಳಿಯುವಂತಿರಲಿಲ್ಲ. ನಮ್ಮ ಜನ ಬೇರೆ ಏನನ್ನು ಬೇಕಾದರೂ ಸಹಿಸುತ್ತಾರೆ, ಹಾಡು ನಡೆಯುವಾಗ ಅಲುಗಾಡುವವನನ್ನು ಸಹಿಸುವುದಿಲ್ಲ. ಅವನು ಏಣಿಯ ಮೇಲೆ, ಕವಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ಉಸಿರು ಬಿಗಿಹಿಡಿದು ನಿಂತ. ಹಾಡು ಮುಗಿಯಿತು ಅಂದುಕೊಂಡಾಗ ಇನ್ನೊಂದು ಚರಣ ಶುರುವಾಯಿತು. ಅಂಗಿಯೊಳಗಿನ ಟೋಪಿ ಹೊಟ್ಟೆಗೆ ಇಳಿದು ಅಲ್ಲಿ ಕಚಗುಳಿ ಇಡತೊಡಗಿತು. ತಡೆದುಕೊಂಡು ತಡೆದುಕೊಂಡು ಅವನ ಕಣ್ಣಲ್ಲಿ ನೀರು ಬಂತು.

ಪತ್ರಿಕೆಯವನು ಫೋಟೋ ಹೊಡೆದ. ಎರ್ನಾ ಟೀಚರು ಆ ಕಣ್ಣೀರು ನೋಡಿಬಿಟ್ಟರು.

“ಇಳಿ, ಇಳಿಯಪ್ಪ” ಎಂದು ಅವನ ಕೈ ಹಿಡಿದು ಇಳಿಸಿಕೊಂಡರು. “ನಿನ್ನ ಬಗ್ಗೆ ನಾನು ತಪ್ಪು ತಿಳಿದಿದ್ದೆ. ಆ ಟೋಪಿ ಹಾಕಿದ್ದು ನೀನೇ ಅಲ್ವಾ? ನಿಜ ಹೇಳು.”

ಈಗ ಊರೇ ಅವನನ್ನು ನೋಡುತ್ತಿತ್ತು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಇನ್ನೊಂದು ದನಿ ಬಂತು.

“ನಾನೂ ಅದನ್ನೇ ಕೇಳೋಣ ಅಂತ ಇದ್ದೆ.”

ಅತ್ತೆ ಹೆಲ್ಮಿ! ಕೈಯಲ್ಲಿ ಬುಟ್ಟಿ, ಬುಟ್ಟಿಯ ತುಂಬ ಅಣಬೆ, ಪಕ್ಕದಲ್ಲಿ ಬಿಳಿಚಿಕೊಂಡ ಮುಖದ ಲೆಂಬಿ. ಬಸ್‌ಸ್ಟಾಂಡಿನಿಂದ ಮನೆಗೆ ದಾರಿ ಪಾರ್ಕಿನ ನಡುವೆಯೇ ಎಂಬುದು ಆರ್ವೆಡನಿಗೆ ಮರೆತೇ ಹೋಗಿತ್ತು. ಮುದುಕಿ ತಲೆಯೆತ್ತಿ ಟೋಪಿ ನೋಡಿದಳು. ಎಡಗಿವಿಯ ಮೇಲೆ ತನ್ನ ಗುರುತಿಗೆಂದು ತಾನು ಬೇಕೆಂದೇ ತಪ್ಪು ಹೆಣೆಯುವ ಒಂದು ಕೆಂಪು ಕುಣಿಕೆ ಎಲ್ಲಿರಬೇಕೋ ಅಲ್ಲೇ ಇತ್ತು. ಆಮೇಲೆ ಅಳಿಯನ ಬೋಳಾಗುತ್ತಿದ್ದ ತಲೆ ನೋಡಿದಳು.

ಆರ್ವೆಡನಿಗೆ ತಪ್ಪಿಸಿಕೊಳ್ಳಲು ಒಂದೇ ದಾರಿ ಕಂಡಿತು.

“ನಾನೇ ಅತ್ತೆ” ಎಂದ ಕುಗ್ಗಿದ ದನಿಯಲ್ಲಿ. “ನಾನೇ ಹಾಕಿದ್ದು. ಬೆಳಿಗ್ಗೆ ಬಂದು ನೋಡಿದ್ರೆ ಇವನ ತಲೆ ಮೇಲೆ ಮಂಜು ಕೂತಿತ್ತು. ಪಾಪ ಅನ್ನಿಸ್ತು. ನಿಮ್ಮ ಟೋಪಿಗಿಂತ ಬೆಚ್ಚಗಿನದು ಈ ಊರಲ್ಲಿ ಇನ್ನೊಂದಿಲ್ಲ. ಅದಕ್ಕೇ...”

ಜನರೆಲ್ಲ ‘ಆಹಾ’ ಎಂದರು. ನಮ್ಮ ಜನರಿಂದ ‘ಆಹಾ’ ಹೊರಡಿಸುವುದು ಸಣ್ಣ ವಿಷಯವಲ್ಲ. ಲೆಂಬಿಯ ಮುಖಕ್ಕೆ ಬಣ್ಣ ಮರಳಿತು. ಮೇಯರು ಕೈ ಕುಲುಕಿದರು, ಹೆಲ್ದುರ್ ‘ನಮ್ಮ ಇಲಾಖೆಯವನು’ ಎಂದು ಎಲ್ಲರಿಗೂ ಹೇಳಿದ. ಅತ್ತೆ ತಲೆಯಾಡಿಸಿದಳು.

“ಒಳ್ಳೇ ಕೆಲಸ ಮಾಡಿದೆ ಕಣಪ್ಪ. ನಿನ್ನ ಮನಸ್ಸು ದೊಡ್ಡದು. ಆದ್ರೆ ನಿನ್ನ ತಲೆ ಬರಿದಾಯ್ತಲ್ಲ. ಬಗ್ಗು.”

ಅವನು ಬಗ್ಗಿದ. ಅವಳು ಬುಟ್ಟಿಯ ಪಕ್ಕದಿಂದ ಹೊಸ ಟೋಪಿಯೊಂದನ್ನು ತೆಗೆದಳು. “ಇದು ಚಳಿಗಾಲಕ್ಕೆ ಅಂತ ಹೆಣೆದದ್ದು. ಎರಡು ಪದರ.” ಅದನ್ನು ಅವನ ತಲೆಗೆ ಕವುಚಿ, ಕಿವಿಪಟ್ಟಿ ಎಳೆದು, ಗಲ್ಲದ ಕೆಳಗೆ ದಾರ ಬಿಗಿದು ಗಂಟು ಹಾಕಿದಳು. ಲೋಕದ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ತುರಿಕೆ ಎರಡು ಪಟ್ಟಾಗಿ ಶುರುವಾಯಿತು. ಆದರೂ ಆರ್ವೆಡನಿಗೆ ಹೇಳಲಾರದ ಸಂತೋಷ. ಅತ್ತೆಯ ಟೋಪಿ ತಲೆಯ ಮೇಲಿತ್ತು, ದಿನ ಇನ್ನೂ ಮುಗಿದಿರಲಿಲ್ಲ, ಜಾಗ ತನ್ನದಾಯಿತು.

ಅತ್ತೆ ಏಣಿಯನ್ನು ತೋರಿಸಿ ಏನೋ ಅಂದಳು. ಹಿಡಿದುಕೋ ಎಂದಿರಬೇಕು. ಅವನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದ. ಈಗಲೂ ಸೇಬಿನ ಮರ ಹತ್ತುವ ಹೆಂಗಸು ಅವಳು, ಸರಸರನೆ ಮೇಲೇರಿದಳು. ಟೋಪಿ ಸರಿಮಾಡುವುದಕ್ಕಿರಬೇಕು ಎಂದುಕೊಂಡ ಆರ್ವೆಡ್. ಅವಳು ಕವಿಯ ಟೋಪಿ ಸರಿಮಾಡಿದಳು. ಆಮೇಲೆ ಅದರ ಕಿವಿಪಟ್ಟಿಯನ್ನು ಮೆಲ್ಲಗೆ ಮೇಲೆತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ಕಂಚಿನ ಕಿವಿಯಲ್ಲಿ ಪಿಸುಗುಡತೊಡಗಿದಳು.

ಆರ್ವೆಡನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳ ತುಟಿ ಆಡುತ್ತಿತ್ತು. ಅವಳ ಕೈ ನದಿಯ ಕಡೆ ತೋರಿಸಿತು, ಎಡಕ್ಕೆ ತಿರುಗಿತು, ಬಿದ್ದ ಮರವೊಂದನ್ನು ದಾಟುವಂತೆ ಮೇಲೆದ್ದು ಇಳಿಯಿತು. ಒಂದು ಅಕ್ಷರವೂ ಅವನಿಗೆ ಕೇಳಿಸುತ್ತಿರಲಿಲ್ಲ. ಗಂಟು ಬಿಚ್ಚೋಣವೆಂದರೆ ಏಣಿ ಬಿಡಬೇಕು. ಏಣಿ ಬಿಟ್ಟರೆ ಅತ್ತೆ ಬೀಳುತ್ತಾಳೆ. ಮನುಷ್ಯ ಎಷ್ಟೇ ಒಳ್ಳೆಯವನಾದರೂ ಇಂಥ ಹೊತ್ತಿನಲ್ಲಿ ಒಂದು ಸಲ ಯೋಚಿಸುತ್ತಾನೆ. ಆರ್ವೆಡ್ ಯೋಚಿಸಿದ. ಆದರೆ ಏಣಿ ಬಿಡಲಿಲ್ಲ. ಭುಜಕ್ಕೆ ಕಿವಿ ಉಜ್ಜಿ ಪಟ್ಟಿ ಸರಿಸಲು ನೋಡಿದ. ಎರಡು ಪದರದ ಉಣ್ಣೆ ಜಗ್ಗಲಿಲ್ಲ.

ಅತ್ತೆ ಇಳಿದು ಬಂದು ಕೈ ಕೊಡವಿಕೊಂಡಳು. ಅವನು ಗಂಟು ಹರಿದು ಟೋಪಿ ಕಿತ್ತ.

“ಅತ್ತೆ, ಏನ್ಮಾಡಿಬಿಟ್ರಿ?”

“ಹೇಳ್ಬೇಕಾದೋರಿಗೆ ಹೇಳಿದೆ. ಟೋಪಿ ಯಾರ ತಲೆ ಮೇಲಿರುತ್ತೋ ಅವರ ಕಿವೀಲಿ ಅಂತ ಹೇಳಿರ್ಲಿಲ್ವಾ?”

“ನನ್ನ ತಲೆ ಮೇಲೂ ಇತ್ತಲ್ಲ!”

“ಅದು ಬೇರೆ ಟೋಪಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.” ಮುದುಕಿ ಕವಿಯನ್ನು ಮೆಚ್ಚಿಗೆಯಿಂದ ನೋಡಿದಳು. “ಅಲ್ಲದೆ ಇವನು ಗಟ್ಟಿಗ. ಇಷ್ಟು ಜನ ಬಂದು ಇಷ್ಟೆಲ್ಲ ಮಾತಾಡ್ತಾರೆ, ಯಾರ ಗುಟ್ಟನ್ನಾದ್ರೂ ಬಿಟ್ಕೊಟ್ಟಿದಾನಾ? ನಂಗೆ ಈಗ ಮನಸ್ಸು ಹಗುರಾಯ್ತು. ನಡಿ ಲೆಂಬಿ, ಅಣಬೆ ಹುರಿಯೋಣ.”

ಅಷ್ಟಕ್ಕೇ ಮುಗಿಯಲಿಲ್ಲ. ಎರ್ನಾ ಟೀಚರು ಅವನ ಬೆನ್ನು ತಟ್ಟಿ, ನಾಳೆಯಿಂದಲೇ ಸಂಘಕ್ಕೆ ಸೇರಿಸಿಕೊಳ್ಳುತ್ತೇನೆ, ಮುಂದಿನ ಹುಟ್ಟುಹಬ್ಬಕ್ಕೆ ಕವಿಯ ಪದ್ಯಗಳನ್ನೆಲ್ಲ ನೀನೇ ಬಾಯಿಪಾಠ ಹೇಳಬೇಕು ಎಂದರು. “ಅರ್ಧಕ್ಕೆ ನಿಲ್ಲಿಸಿದ್ರೆ ಗೊತ್ತಲ್ಲ?” ಎಂದೂ ಸೇರಿಸಿದರು.

ಆರ್ವೆಡ್ ಏಣಿಯನ್ನು ಹೆಗಲಿಗೇರಿಸಿಕೊಂಡು, ಕಿತ್ತ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ಕೆರೆಯುತ್ತಾ ಹೊರಟ. ಪಾರ್ಕಿನ ಗೇಟಿನ ಹತ್ತಿರ ವಿಲ್ಮಾ ಬಂದು ಜೊತೆ ಹಿಡಿದಳು. ಅವಳ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತಿತ್ತು.

“ಎಲ್ಲಾ ನೋಡಿದೆ ಬಿಡಿ. ಏಣಿ ಹತ್ತಿರ ನಿಲ್ಲಿಸ್ಕೊಂಡು ನಿಮಗೆ ಜಾಗ ಹೇಳಿಬಿಟ್ರು, ಅಲ್ವಾ? ಜನಕ್ಕೆ ಗೊತ್ತಾಗ್ಬಾರ್ದು ಅಂತ ಕವಿಯ ನಾಟಕ. ಮುದುಕಿ ಬಹಳ ಚಾಲಾಕಿ. ನಾವು ಪಕ್ಕದ ಮನೆಯೋರು ಆರ್ವೆಡ್, ನನಗೆ ಮಾತ್ರ ಹೇಳಿ. ಎಲ್ಲಿ?”

ಜೀವಮಾನವಿಡೀ ಅವನು ಕಾದಿದ್ದ ಪ್ರಶ್ನೆ ಅದು. ಆರ್ವೆಡ್ ನಿಂತ. ಏಣಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

“ಕಾಡಿನಲ್ಲಿ” ಎಂದ.

ವಿಲ್ಮಾ ಮೂತಿ ತಿರುಗಿಸಿಕೊಂಡು ಹೋದಳು. ನಾಳೆ ಬೆಳಿಗ್ಗೆಯಿಂದ ಅವಳೂ, ಅವಳ ಹಿಂದೆ ಅರ್ಧ ಊರೂ ತನ್ನ ಬೆನ್ನು ಹತ್ತುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಣಬೆಯ ಜಾಗದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಮಾತ್ರ ಅವಳಿಗೆ ಹೇಳಿದಷ್ಟೇ.